ಕೇಳುವ ಸೇವೆ

ಕಳೆದ ವಾರ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪಿಂಚಣಿಯ ಕಾಗದಗಳ ನಕಲು ತೆಗೆಸಲು ನಿಂತಿದ್ದೆ. ಅಂಗಡಿಯವನು ಲ್ಯಾಮಿನೇಷನ್ ಯಂತ್ರದಿಂದ ಒಂದೊಂದೇ ಚೀಟಿ ಎಳೆದು ಮೇಜಿನ ಮೇಲೆ ಹಾಕುತ್ತಿದ್ದ. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಬೇರೆಯವರಿಗೆ ಅದು ಬರೀ ವಾಸನೆ, ನನಗೆ ಮಾತ್ರ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು ನಾನು, ನೇರವಾಗಿ ಹೇಳುವ ಅಭ್ಯಾಸ ಉಳಿದಿಲ್ಲ.

ನೋಡಿದರೆ ಆ ಚೀಟಿಗಳು ನಮ್ಮ ಚರ್ಚಿನವೇ. ಯುವಕರ ಸಂಘದ ಸುನಿಲ ಪಕ್ಕದಲ್ಲೇ ನಿಂತಿದ್ದ. "ಅಂಕಲ್, ನಿಮ್ ಕಾಲದ ಸೇವೆ ಮತ್ತೆ ಶುರು ಮಾಡ್ತಾ ಇದೀವಿ. ನೀವು ಮೊದಲ್ನೇ ಬ್ಯಾಚ್ ಅಲ್ವಾ? ಒಂದ್ ಹತ್ತು ನಿಮಿಷ ನಿಮ್ ಅನುಭವ ಹಂಚ್ಕೊಳ್ಳಿ" ಎಂದ. ಹಂಚಿಕೊಳ್ಳುವುದು! ಅದರಲ್ಲಿ ನಾನು ಎಷ್ಟು ಗಟ್ಟಿಗ ಎಂಬುದು ಪಾಪ ಆ ಹುಡುಗನಿಗೆ ಗೊತ್ತಿಲ್ಲ. ಆಮೇಲೆ ಹೇಳುತ್ತೇನಪ್ಪ ಎಂದು ಜಾರಿಕೊಂಡೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಲುಕಂಬ ನೆಟ್ಟು ಬಡಾವಣೆಯ ಬೋರ್ಡು ತಗುಲಿಸುತ್ತಿದ್ದರು. ಬೆಳಗಾದರೆ ನಮ್ಮ ರಾಮನಗರದ ಬೀದಿಗಳಲ್ಲಿ ಕಾರ್ಖಾನೆಯ ಬಸ್ಸು ಕಾಯುವವರ ಸಾಲು. ಎಲ್ಲರ ಕೊರಳಲ್ಲೂ ಲ್ಯಾಮಿನೇಷನ್ ಮಾಡಿದ ಗುರುತಿನ ಚೀಟಿ. ಕೆಲಸ ಮುಗಿಸಿ ಬಂದು ಮಟನ್ ಅಂಗಡಿಗೆ ಹೋಗುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಕೊರಳಲ್ಲಿ ಚೀಟಿ ಇದ್ದ ಗಂಡಿಗೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರು. ನಮ್ಮಂಥ ಮೇಷ್ಟ್ರುಗಳ ಕೊರಳಲ್ಲಿ ಏನಿತ್ತು? ಸೀಮೆಸುಣ್ಣದ ಪುಡಿ. ನಾನು ಒಳಗೊಳಗೇ ಕರುಬುತ್ತಿದ್ದೆ.

ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ತರಬೇತುದಾರರು ನಮ್ಮ ಚರ್ಚಿಗೆ ಬಂದರು. ಸಾವು, ಕಾಯಿಲೆ, ಮನೆಜಗಳ ಎಂದು ನೊಂದವರ ಜೊತೆ ಸಭೆಯ ಒಬ್ಬೊಬ್ಬ ಸದಸ್ಯ ವಾರಕ್ಕೊಮ್ಮೆ ಹೋಗಿ ಕೂರಬೇಕು, ಅವರು ಹೇಳುವುದನ್ನು ಮನಸ್ಸಿಟ್ಟು ಆಲಿಸಬೇಕು, ಇದೇ ಸೇವೆ. ಮೂರು ಶನಿವಾರ ತರಬೇತಿ. ಮುಗಿಸಿದವರಿಗೆ ಕೊರಳಿಗೆ ಹಾಕುವ, ಲ್ಯಾಮಿನೇಷನ್ ಮಾಡಿದ ಬ್ಯಾಡ್ಜು. ನೊಂದವರ ಮೇಲಿನ ಕರುಣೆಯಿಂದ ಸೇರಿದೆ ಎಂದು ಆಗ ಎಲ್ಲರಿಗೂ ಹೇಳಿದ್ದೆ. ನಿಮ್ಮ ಹತ್ತಿರ ಸುಳ್ಳೇಕೆ, ಬ್ಯಾಡ್ಜಿಗೆ ಸೇರಿದ್ದು.

ಚನ್ನಪಟ್ಟಣ, ಕನಕಪುರ, ಮಾಗಡಿಯಿಂದಲೂ ಬಂದು ಒಟ್ಟು ಹನ್ನೆರಡು ಜನ ಕೂತಿದ್ದೆವು. ತರಬೇತುದಾರರದು ಬಹಳ ಮೆತ್ತಗಿನ ದನಿ. "ಸಲಹೆ ಕೊಡಬೇಡಿ. ಬೋಧನೆ ಮಾಡಬೇಡಿ. ಬೈಬಲ್ ವಾಕ್ಯ ಎತ್ತಿ ಹೇಳಬೇಡಿ. ಸುಮ್ಮನೆ ಕೇಳಿ" ಎಂದರು. ಮಾಗಡಿಯ ಒಬ್ಬರು ನೋಟ್ ಪುಸ್ತಕ ತೆರೆದು, "ಕೇಳ್ತೀವಿ ಸಾರ್, ಅದ್ಕೇನಂತೆ. ಏನೇನ್ ಕೇಳ್ಬೇಕು ಅಂತ ಒಂದ್ ಪಟ್ಟಿ ಕೊಟ್ಬುಡಿ" ಎಂದರು. ತರಬೇತುದಾರರಿಗೆ ಅರ್ಥವಾಗಲಿಲ್ಲ. ನಾನು ಬಿಡುತ್ತೇನೆಯೇ? ಎದ್ದು ನಿಂತು, ಕೇಳು ಎಂಬ ಧಾತುವಿಗೆ ಆಲಿಸು, ಪ್ರಶ್ನಿಸು, ಬೇಡು ಎಂದು ಮೂರು ಅರ್ಥ ಉಂಟೆಂದೂ, ಆದ್ದರಿಂದ 'ಕೇಳುವ ಸೇವೆ' ಎಂಬ ಹೆಸರನ್ನು 'ಆಲಿಸುವ ಸೇವೆ' ಎಂದು ಬದಲಿಸಬೇಕೆಂದೂ ಕಾಲು ಗಂಟೆ ವಿವರಿಸಿದೆ. ಸಮಿತಿಯ ಕಾರ್ಯದರ್ಶಿ ಪ್ರಭಾಕರ್ ಅವರು ಕೊನೆಯವರೆಗೂ ತಲೆಯಾಡಿಸಿ, "ಮೇಷ್ಟ್ರೇ, ಬ್ಯಾಡ್ಜು ಆಗ್ಲೇ ಪ್ರಿಂಟಾಗ್ಬುಟ್ಟದೆ" ಎಂದರು. ಚರ್ಚೆ ಮುಗಿಯಿತು.

ಆಮೇಲೆ ಇಬ್ಬಿಬ್ಬರು ಕೂತು ಅಭ್ಯಾಸ. ಒಬ್ಬ ತನ್ನ ದುಃಖ ಹೇಳಬೇಕು, ಇನ್ನೊಬ್ಬ ಆಲಿಸಬೇಕು. ನಾನು ಆಲಿಸುವವನಾಗಿದ್ದ ಸರದಿಯಲ್ಲಿ ನನ್ನ ಎದುರಿನ ಕನಕಪುರದ ಹೆಂಗಸಿಗೆ ನನ್ನ ಮಂಡಿನೋವು, ವರ್ಗಾವಣೆಯ ಗೋಳು, ಅತ್ತೆ ಮನೆಯವರ ಸಣ್ಣತನ ಎಲ್ಲ ತಿಳಿದುಹೋದವು. ತರಬೇತುದಾರರು ನನ್ನ ಹೆಸರಿನ ಮುಂದೆ 'ಸುಧಾರಿಸಬೇಕು' ಎಂದು ಬರೆದರು. ಅಷ್ಟು ವರ್ಷ ಮಕ್ಕಳ ಪುಸ್ತಕದಲ್ಲಿ ನಾನೇ ಬರೆಯುತ್ತಿದ್ದ ಮಾತು. ಆದರೂ ಬ್ಯಾಡ್ಜು ಕೊಟ್ಟರು, ಎಲ್ಲರಿಗೂ ಕೊಟ್ಟರು.

ಬ್ಯಾಡ್ಜು ಹಾಕಿಕೊಂಡು ಹೋದ ಮೊದಲ ಮನೆಯಲ್ಲೇ ಅದರ ಮೇಲಿದ್ದ 'ಕೇಳುವ ಸೇವೆ' ಓದಿದ ಮನೆಯೊಡತಿ ಬಾಗಿಲಿಗೆ ಅಡ್ಡ ನಿಂತು, "ಚರ್ಚ್ ಕಾಂಪೌಂಡ್ ಗೋಡೆಗೆ ಹೋದ್ ತಿಂಗ್ಳೇ ಕೊಟ್ಟಿದ್ದೀವಲ್ಲ, ಮತ್ತೇನ್ ಕೇಳಾಕ್ ಬಂದ್ರಿ?" ಎಂದರು. ನನ್ನ ವ್ಯಾಕರಣ ಪಾಠದ ಮೂರನೆಯ ಅರ್ಥವೇ ಊರಿನಲ್ಲಿ ಚಲಾವಣೆಯಲ್ಲಿತ್ತು.

ಹಾಗಿರುವಾಗ ರೆಬೆಕ್ಕಮ್ಮನವರ ಅರ್ಜಿ ಬಂತು. ಆಕೆಯ ಗಂಡ ಡೇವಿಡಪ್ಪ ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಕಡಸಲು ಯಂತ್ರದ ಮುಂದೆ ಕೂತು ಮರದ ಬೊಂಬೆ, ಬುಗುರಿ ಕಡೆದವರು. ಪ್ಲಾಸ್ಟಿಕ್ ಬೊಂಬೆ ಬಂದು ಕೆಲಸ ನಿಂತ ಮೇಲೆ ರಾಮನಗರಕ್ಕೆ ಬಂದು, ಬಿಡದಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಸೇರಿದ್ದರು. ಆ ಕೆಲಸ ಕೊಡಿಸಿದ್ದು ಪ್ರಭಾಕರ್. ಕಾರ್ಖಾನೆಗಳಿಗೆ ಕಾವಲುಗಾರರನ್ನು ಒದಗಿಸುವ ಗುತ್ತಿಗೆದಾರನ ಕಚೇರಿಯಲ್ಲಿ ಅವರು ಮೇಲ್ವಿಚಾರಕರು. ಚರ್ಚಿನಲ್ಲಿ ಕಾರ್ಯದರ್ಶಿ, ಹೊರಗೆ ಮೇಲ್ವಿಚಾರಕ, ಎರಡು ಕಡೆಯೂ ಒಂದೇ ಪೆನ್ನು.

ರೆಬೆಕ್ಕಮ್ಮ ಹೇಳಿದ್ದು ಇಷ್ಟು: "ನಮ್ಮೆಜಮಾನ್ರು ಒಂದ್ ವರ್ಸದಿಂದ ಹಿಂಗಾಗ್ಬುಟ್ಟವ್ರೆ. ನಾನ್ ಏನ್ ಹೇಳುದ್ರೂ ಕೇಳಾಕಿಲ್ಲ. ಹೂಂ ಅಂತಾರೆ, ಸುಮ್ನಾಗ್ತಾರೆ. ಹಿಂಗೇ ಆದ್ರೆ ಕ್ರಿಸ್ಮಸ್ ಕಳುದ್ಮೇಲೆ ಕನಕಪುರಕ್ಕೆ ನಮ್ಮಕ್ಕನ ಮನೆಗೋಗ್ಬುಡ್ತೀನಿ, ವಾಪಸ್ ಬರಾಕಿಲ್ಲ." ಪ್ರಭಾಕರ್ ಇದನ್ನು ಗ್ರಂಥಸ್ಥ ಭಾಷೆಗೆ ತಂದು ಅರ್ಜಿಯಲ್ಲಿ 'ಹೃದಯ ಕಠಿಣವಾಗಿದೆ' ಎಂದು ಬರೆದು ನನಗೆ ಒಪ್ಪಿಸಿದರು. ಹೇಳಿದ್ದನ್ನು ಕೇಳದ ಗಂಡನಿಗೆ ಕೇಳಲು ಬಾರದ ಮೇಷ್ಟ್ರು.

ಪ್ರತಿ ಗುರುವಾರ ಅವರ ಪಾಳಿ ಮುಗಿದ ಮೇಲೆ ಹೋಗುತ್ತಿದ್ದೆ. ಈ ಬಾರಿ ನಿಯಮ ತಪ್ಪಬಾರದೆಂದು ಹಠ ತೊಟ್ಟಿದ್ದೆ. ಒಂದೂ ಪ್ರಶ್ನೆ ಹಾಕಲಿಲ್ಲ. ಡೇವಿಡಪ್ಪ ಜಗಲಿಯ ಮೇಲೆ ಕೂತು, ನಾನು ಬಾಯಿ ಬಿಡುವ ಮೊದಲೇ ಶುರು ಮಾಡುತ್ತಿದ್ದರು. ಬೊಂಬೆಗೆ ಆಗುವ ಆಲೆಮರ, ಅರಗಿನ ಬಣ್ಣ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುವ ಹದ. ನಡುವೆ ಸಿಕ್ಕ ಸಂದಿಯಲ್ಲಿ ನಾನು ತರಬೇತಿಯಲ್ಲಿ ಕಲಿತಂತೆ, "ಹಳೆಯ ಕೆಲಸದ ನೆನಪು ನಿಮ್ಮನ್ನು ಕಾಡುತ್ತಿದೆ" ಎನ್ನುತ್ತಿದ್ದೆ. ಅವರು ನಕ್ಕು "ಹೂಂ" ಎನ್ನುತ್ತಿದ್ದರು. "ಮನೆಯಲ್ಲಿ ನಿಮಗೆ ನೆಮ್ಮದಿ ಇಲ್ಲ" ಎನ್ನುತ್ತಿದ್ದೆ. ಅದಕ್ಕೂ ನಕ್ಕು "ಹೂಂ". ಮನೆಗೆ ಬಂದು ವರದಿಯಲ್ಲಿ 'ತಮ್ಮ ನೋವನ್ನು ನಗುತ್ತಲೇ ಒಪ್ಪಿಕೊಳ್ಳುವ ಹಂತ ತಲುಪಿದ್ದಾರೆ' ಎಂದು ಬರೆಯುತ್ತಿದ್ದೆ. ಹೀಗೆ ಎಂಟು ವಾರ. ಹಂತಗಳು ಏರುತ್ತಲೇ ಇದ್ದವು.

ಒಂಬತ್ತನೆಯ ಗುರುವಾರ ಹೋದಾಗ ರೆಬೆಕ್ಕಮ್ಮ ಮನೆಯಲ್ಲಿರಲಿಲ್ಲ. ಡೇವಿಡಪ್ಪ ಹಿತ್ತಿಲಲ್ಲಿ ನನಗೆ ಬೆನ್ನು ಮಾಡಿ ಕೂತು ಒಂದು ಬುಗುರಿಗೆ ಉಪ್ಪು ಕಾಗದ ಉಜ್ಜುತ್ತಿದ್ದರು. ಮೂರು ಸಲ ಕೂಗಿದೆ. ತಿರುಗಲಿಲ್ಲ. ಇದೇ ಇರಬೇಕು ಕಠಿಣ ಹೃದಯ ಎಂದುಕೊಂಡೆ. ಅಷ್ಟರಲ್ಲಿ ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ಗುಡ್ಡೆಯ ಮೇಲೆ ಬೆಕ್ಕೊಂದು ಹಾರಿತು. ಸ್ಟೀಲಿನ ಬೋಸಿ, ತಪ್ಪಲೆ, ತಟ್ಟೆಗಳೆಲ್ಲ ಕಲ್ಲಿನ ಮೇಲೆ ಉರುಳಿ, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ನಾನು ಎದೆ ಹಿಡಿದುಕೊಂಡೆ. ಡೇವಿಡಪ್ಪ ಮಾತ್ರ ಬುಗುರಿ ಉಜ್ಜುತ್ತಲೇ ಇದ್ದರು.

ಒಂದು ತಟ್ಟೆ ಉರುಳಿಕೊಂಡು ಹೋಗಿ ಅವರ ಕಾಲಿಗೆ ತಾಗಿತು. ತಿರುಗಿದರು. ಬಿದ್ದ ಪಾತ್ರೆಗಳನ್ನು ನೋಡಿದರು, ನನ್ನ ಮುಖ ನೋಡಿದರು.

"ಗೊತ್ತಾಗೋಯ್ತಾ ಮೇಷ್ಟ್ರೇ?" ಎಂದರು.

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಎದುರಿನವರ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತದೆ. "ಆದ್ರೆ ನಿಮ್ದು ಬಾಳ ಕಷ್ಟ ಮೇಷ್ಟ್ರೇ. ಮೀಸೆ ತುಟಿ ಮ್ಯಾಲೇ ಬತ್ತದೆ. ಎಂಟು ವಾರದಿಂದ ನೀವೇನ್ ಹೇಳುದ್ರೋ ನಂಗೊಂದೂ ಗೊತ್ತಿಲ್ಲ. ಒಳ್ಳೇದೇ ಹೇಳಿರ್ತೀರ ಅಂತ ಹೂಂ ಅಂದೆ." ಗೇಟಿನಲ್ಲಿ ಹೇಗೆ ನಿಭಾಯಿಸುತ್ತೀರಿ ಎಂದು ಕೈಸನ್ನೆ ಮಾಡಿದೆ. ನನ್ನ ಮೊದಲ ಪ್ರಶ್ನೆ ಅದು. "ಲಾರಿ ಬಂದ್ರೆ ನೆಲ ಅದುರ್ತದಲ್ಲ, ಕಾಲ್ಗೆ ಗೊತ್ತಾಯ್ತದೆ" ಎಂದರು.

ಹೆಂಡತಿಗೆ ಯಾಕೆ ಹೇಳಲಿಲ್ಲ? ಅವರ ಉತ್ತರ ನಮ್ಮ ಸಭೆಯ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ. "ಇವಳ್ಗೆ ಹೇಳುದ್ರೆ ಬುಧವಾರದ ಪ್ರಾರ್ಥನೇಗೆ ಬತ್ತದೆ. ಪ್ರಾರ್ಥನೇಗೆ ಬಂದ್ರೆ ಗುರುವಾರ ಪ್ರಭಾಕರಪ್ಪನೋರ ಆಫೀಸ್ಗೆ ಬತ್ತದೆ. ಕಿವುಡನ್ನ ಯಾರ್ ಗೇಟಲ್ ನಿಲ್ಲುಸ್ತಾರೆ? ಬೊಂಬೆ ಕೆಲಸ ಹೋದಾಗ ಒಂದ್ಸಲ ಸತ್ತಂಗಾಗಿತ್ತು. ಒಸಿ ಟೈಮ್ ಕೊಡಿ, ಕ್ರಿಸ್ಮಸ್ ಒಳಗೆ ನಾನೇ ಇವಳ್ ಮುಂದೆ ಕುಂತು ಹೇಳ್ತೀನಿ. ನೀವು ಯಾರ್ಗೂ ಹೇಳ್ಬೇಡಿ." ಯಾರಿಗೂ ಹೇಳುವುದಿಲ್ಲ ಎಂದೆ. ಅದೂ ಮೀಸೆಯ ಹಿಂದೆ ಸಿಕ್ಕಿಕೊಂಡಿತೇನೋ ಎಂದು ಅವರ ಕೈ ಹಿಡಿದು ಗಟ್ಟಿಯಾಗಿ ಅದುಮಿದೆ. ಅವರೂ ಅದುಮಿದರು.

ಮಾರನೆಯ ದಿನ ಇಪ್ಪತ್ತೈದು ವರ್ಷದ ಮೀಸೆ ತೆಗೆಸಿದೆ. ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ಮೀಸೆ ಬೋಳಿಸಿದರೆ ಜನ ಕೇಳುವುದು ಒಂದೇ, ಯಾರು ಹೋದರು ಎಂದು. ಶಾಲೆಯ ಜವಾನ ನನ್ನ ಪಕ್ಕ ನಿಂತು ಮೌನವಾಗಿ ತಲೆ ತಗ್ಗಿಸಿದ. ನನ್ನ ಹೆಂಡತಿ ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಕಾರಣ ಯಾರಿಗೂ ಹೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ದಿನ ಒಂದು ಮಾತನ್ನು ಒಳಗೇ ಇಟ್ಟುಕೊಂಡದ್ದು ಅದೇ ಮೊದಲು. ಮುಂದಿನ ಗುರುವಾರಗಳಲ್ಲಿ ಡೇವಿಡಪ್ಪ ನನ್ನ ಬೋಳು ತುಟಿ ನೋಡಿ ನಗುತ್ತ, ನಿಜವಾದ ಮಾತು ಆಡಿದರು. ಅರಗು ಮರಕ್ಕೆ ಕೂರುವ ಸದ್ದು ಹೋದದ್ದು ಎಲ್ಲಕ್ಕಿಂತ ಸಂಕಟ ಎಂದರು. ಹೆಂಡತಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೇನೆ ಎಂದರು. ನಾನು ಒಳ್ಳೆಯ ಮನುಷ್ಯನಾಗುತ್ತಿದ್ದೇನೆ ಎಂದು ನನಗೇ ಅನ್ನಿಸತೊಡಗಿತ್ತು. ಕೆಡುವುದು ಆಗಲೇ.

ಡಿಸೆಂಬರಿನ ಮೊದಲ ವಾರ ಮೂರು ತಿಂಗಳ ವರದಿ ಕೊಡಬೇಕಿತ್ತು. ಮಾಗಡಿಯವರದು ನಾಲ್ಕು ಪುಟ ಎಂದು ಸುದ್ದಿ ಬಂತು. ಕನಕಪುರದ ಹೆಂಗಸು ಆಲಿಸಿದ ಮನೆಯಲ್ಲಿ ಅಣ್ಣತಮ್ಮಂದಿರು ರಾಜಿಯಾಗಿದ್ದರಂತೆ. ನನ್ನ ಕೈಯಲ್ಲಿ ಅವರೆಲ್ಲರದಕ್ಕಿಂತ ದೊಡ್ಡದೊಂದು ಇತ್ತು, ತೋರಿಸುವ ಹಾಗಿರಲಿಲ್ಲ. ವರದಿಯ ಹಾಳೆಯಲ್ಲಿ 'ಎದುರಾದ ಅಡೆತಡೆಗಳು' ಎಂಬ ಅಂಕಣ ಖಾಲಿ ಕೂತಿತ್ತು. ಉತ್ತರ ಬರೆಯದೆ ಜಾಗ ಬಿಟ್ಟ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಇದು. ಹೆಸರು ಬರೆಯಬಾರದೆಂಬ ನಿಯಮವಿತ್ತು. ಬರೆಯಲಿಲ್ಲ. 'ಬಿಡದಿಯ ಕಾರ್ಖಾನೆಯೊಂದರ ದ್ವಾರವನ್ನು ಕಾಯುತ್ತಿರುವ, ಪೂರ್ವದಲ್ಲಿ ಚನ್ನಪಟ್ಟಣದ ಬೊಂಬೆ ತಯಾರಕರಾಗಿದ್ದ ಸಹೋದರರೊಬ್ಬರು ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದು, ಈ ಸಂಗತಿಯನ್ನು ಪತ್ನಿಗೂ ತಿಳಿಸಲಾರದೆ ಪರಿತಪಿಸುತ್ತಿದ್ದಾರೆ' ಎಂದು ಬರೆದೆ. ವಾಕ್ಯ ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡೆ. ದೇವರಾಣೆಗೂ ಹೆಸರು ಬರೆಯಲಿಲ್ಲ.

ಬುಧವಾರದ ಪ್ರಾರ್ಥನಾ ಕೂಟ ಪ್ರಭಾಕರ್ ಮನೆಯಲ್ಲೇ ಇತ್ತು. ಹೆಂಗಸರು ಗಂಡಸರು ಸೇರಿ ಇಪ್ಪತ್ತು ಜನ ಚಾಪೆಯ ಮೇಲೆ ಕೂತಿದ್ದೆವು. ಡೇವಿಡಪ್ಪ ಪಾಳಿಯಲ್ಲಿದ್ದರು. ರೆಬೆಕ್ಕಮ್ಮ ಬಾಗಿಲ ಪಕ್ಕ ಸ್ತುತಿಗೀತೆಗಳ ಪುಸ್ತಕ ಹಿಡಿದು ಕೂತಿದ್ದರು. ಪ್ರಭಾಕರ್ ನನ್ನ ಹಾಳೆ ತೆಗೆದು, "ಹೆಸರು ಹೇಳಲ್ಲ, ಪ್ರಾರ್ಥನೆಗೋಸ್ಕರ ಮಾತ್ರ" ಎಂದು ಪೀಠಿಕೆ ಹಾಕಿ, ನನ್ನ ಆ ಚೆಂದದ ವಾಕ್ಯವನ್ನು ಒಂದಕ್ಷರ ಬಿಡದೆ ಓದಿದರು. ನಮ್ಮ ಸಭೆಯಲ್ಲಿ ಇದ್ದದ್ದು ನಲವತ್ತು ಮನೆ, ಬೊಂಬೆ ಕಡೆದವರು ಒಬ್ಬರೇ. ಇಪ್ಪತ್ತು ತಲೆಗಳೂ ಬಾಗಿಲ ಕಡೆ ತಿರುಗಿದವು.

ರೆಬೆಕ್ಕಮ್ಮನಿಗೆ ಒಂದು ನಿಮಿಷ ಏನೂ ತಿಳಿಯಲಿಲ್ಲ. ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆ ಎಂದು ಸೆರಗು ಸರಿಮಾಡಿಕೊಂಡರು. ಆಮೇಲೆ, "ನಮ್ಮೆಜಮಾನ್ರಿಗಾ?" ಎಂದರು. ಆಕೆಯ ಕಣ್ಣು ಚಾಪೆಯ ಮೇಲೆ ಸಾಲಾಗಿ ಕೂತವರನ್ನು ದಾಟಿ ನನ್ನ ಮುಖದ ಮೇಲೆ ಬಂದು ನಿಂತಿತು.

"ಮೀಸೆ ಅದುಕ್ ತೆಗೆಸಿದ್ರಾ ಮೇಷ್ಟ್ರೇ?"

ಎದ್ದು ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಪ್ರಭಾಕರ್ ಕಣ್ಣು ಮುಚ್ಚಿ, ಸಹೋದರಿಯ ಮನಸ್ಸನ್ನು ಕರ್ತನು ಸಂತೈಸಲಿ ಎಂದು ದೀರ್ಘವಾಗಿ ಪ್ರಾರ್ಥಿಸಿದರು. ನಾನೂ ಆಮೆನ್ ಎಂದೆ. ಇವತ್ತಿಗೂ ಆ ಆಮೆನ್ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ಭಾನುವಾರ ರೆಬೆಕ್ಕಮ್ಮ ಚರ್ಚಿಗೆ ಬಂದು, ಯಾವತ್ತೂ ಗಂಡಸರೇ ಕೂರುವ ಬಲಗಡೆಯ ಬೆಂಚಿಗೆ ಹೋಗಿ ಗಂಡನ ಪಕ್ಕ ಕೂತರು. ಸಭಾಪಾಲಕರು ವೇದಿಕೆಯಿಂದ ಹೇಳಿದ ಒಂದೊಂದು ಮಾತನ್ನೂ ಅವರ ಕಡೆ ತಿರುಗಿ ತುಟಿಯಲ್ಲಿ ಬಿಡಿಸಿ ಹೇಳಿದರು. ಉದ್ದವಾದ ಪ್ರಸಂಗವನ್ನು ಅರ್ಧಕ್ಕಿಳಿಸಿ ಹೇಳುತ್ತಿದ್ದರು, ಡೇವಿಡಪ್ಪನಿಗೆ ನಮಗಿಂತ ಬೇಗ ಮುಗಿಯುತ್ತಿತ್ತು. ಶಿಸ್ತು ಕೆಡುತ್ತದೆ ಎಂದು ಸಮಿತಿಯಲ್ಲಿ ಆಕ್ಷೇಪ ಬಂತು. ಆಕೆ ಕದಲಲಿಲ್ಲ. ಕನಕಪುರದ ಮಾತು ಆಮೇಲೆ ಎತ್ತಲೇ ಇಲ್ಲ. ಬುಧವಾರದ ಕೂಟಕ್ಕೂ ಮತ್ತೆ ಕಾಲಿಡಲಿಲ್ಲ.

ಗೇಟಿನ ಕೆಲಸ ಹತ್ತೇ ದಿನದಲ್ಲಿ ಹೋಯಿತು. 'ವಿಶ್ರಾಂತಿ ತೆಗೆದುಕೊಳ್ಳಲಿ' ಎಂದು ಪ್ರಭಾಕರ್ ಕಾಳಜಿಯಿಂದ ಹೇಳಿ ಬಟ್ಟೆ, ಟೋಪಿ, ಗುರುತಿನ ಚೀಟಿ ವಾಪಸು ಇಸಿದುಕೊಂಡರು. ಅದೇ ಪ್ರಭಾಕರ್ ವಾರ್ಷಿಕ ಸಭೆಯಲ್ಲಿ, ಒಡೆದುಹೋಗಲಿದ್ದ ಸಂಸಾರವನ್ನು ಉಳಿಸಿದ ಕೇಳುವ ಸೇವೆಯ ಮೊದಲ ಫಲ ಎಂದು ಹೇಳಿ ನನಗೆ ಶಾಲು ಹೊದಿಸಿದರು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ. ಚಪ್ಪಾಳೆ ತಟ್ಟುವವರ ನಡುವೆ ಡೇವಿಡಪ್ಪನೂ ಇದ್ದರು. ಏನಾಗುತ್ತಿದೆಯೆಂದು ತಿಳಿಯದೆ, ಎಲ್ಲರೂ ತಟ್ಟುತ್ತಿದ್ದಾರೆಂದು ಅವರೂ ತಟ್ಟಿದರು. ಪಕ್ಕದಲ್ಲಿದ್ದ ರೆಬೆಕ್ಕಮ್ಮ ಅವರ ಕೈ ಹಿಡಿದು ನಿಲ್ಲಿಸಿದರು.

ಮರುದಿನ ಶಾಲು ಮನೆಯಲ್ಲೇ ಬಿಟ್ಟು ಅವರ ಹಿತ್ತಿಲಿಗೆ ಹೋಗಿ ತಪ್ಪಾಯಿತು ಎಂದೆ. ಅವರ ಎದುರು ಕೂತು, ತುಟಿ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ.

"ಕೆಲಸ ಹೋಗ್ಲಿ ಬುಡಿ ಮೇಷ್ಟ್ರೇ. ಇವಳ್ಗೆ ನಾನೇ ಹೇಳ್ಬೇಕಾಗಿತ್ತು. ಹೆಂಗ್ ಹೇಳಾದು ಅಂತ ಎಲ್ಲಾ ಜೋಡ್ಸಿ ಮಡಗಿದ್ದೆ. ಅದ್ನ ನೀವ್ ಹೇಳ್ಬುಟ್ರಿ. ನೀವು ಕೆಟ್ಟೋರಲ್ಲ, ನಿಮ್ ಹೊಟ್ಟೇಲಿ ಮಾತ್ ನಿಲ್ಲಾಕಿಲ್ಲ, ಅಷ್ಟೇಯ."

ಆ ಸೇವೆ ಒಂದೆರಡು ವರ್ಷದಲ್ಲಿ ತಾನಾಗಿ ನಿಂತುಹೋಯಿತು. ನಾನು ಗುರುವಾರ ಹೋಗುವುದನ್ನು ಬಿಡಲಿಲ್ಲ. ಡೇವಿಡಪ್ಪ ಹಿತ್ತಿಲಲ್ಲೇ ಒಂದು ಸಣ್ಣ ಯಂತ್ರ ಹಾಕಿಕೊಂಡು ಮತ್ತೆ ಬುಗುರಿ, ಕುಂಕುಮದ ಭರಣಿ ಕಡೆಯತೊಡಗಿದ್ದರು. ನನ್ನನ್ನು ಕಂಡರೆ ಪ್ರೀತಿಯಿಂದಲೇ ಕೂರಿಸುತ್ತಿದ್ದರು, ಕಾಫಿ ಬರುತ್ತಿತ್ತು. ಮರದ ವಿಷಯ, ಮಳೆಯ ವಿಷಯ, ಅಗಲವಾದ ಮೈಸೂರು ರಸ್ತೆಯ ವಿಷಯ, ಕೆಂಗಲ್ ಹತ್ತಿರ ಬಸ್ಸು ನಿಲ್ಲಿಸದ ಡ್ರೈವರುಗಳ ವಿಷಯ, ಎಲ್ಲ ಹೇಳುತ್ತಿದ್ದರು. ತಮ್ಮ ವಿಷಯ ಒಂದು ಮಾತೂ ಹೇಳುತ್ತಿರಲಿಲ್ಲ. ಇಪ್ಪತ್ತು ವರ್ಷ, ಒಂದು ಮಾತೂ ಇಲ್ಲ. ನಾನೂ ಕೇಳಲಿಲ್ಲ. ಮೀಸೆ ಮತ್ತೆ ಬಿಡಲಿಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದು ಮೊನ್ನೆ ಅವರನ್ನೇ ವಿಚಾರಿಸಿದೆ. ಹೆಸರುಗಳನ್ನೆಲ್ಲ ಬದಲಿಸುತ್ತೇನೆ ಎಂದೆ. "ಬರ್ಕಳಿ ಬರ್ಕಳಿ, ಊರ್ಗೆಲ್ಲಾ ಆಗ್ಲೇ ಹೇಳಾಗದಲ್ಲ, ಇನ್ನೇನ್ ಉಳ್ದದೆ" ಎಂದು ನಕ್ಕರು. ನಗುತ್ತಲೇ ಯಂತ್ರ ನಿಲ್ಲಿಸಿದರು. ಒಳಗೆ ರೆಬೆಕ್ಕಮ್ಮ ಇದ್ದಾರೆಯೇ ಎಂದು ಒಮ್ಮೆ ನೋಡಿ, ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ತಮ್ಮ ವಿಷಯ ಒಂದು ಮಾತು ಹೇಳಿದರು. ಯಾರಿಗೂ ಹೇಳಬೇಡಿ ಎಂದು ಈ ಸಲ ಹೇಳಲಿಲ್ಲ. ಹೇಳಿ ಮುಗಿಸಿ ಮತ್ತೆ ಯಂತ್ರ ಶುರು ಮಾಡಿದರು.

ಮನೆಗೆ ಬರುವ ದಾರಿಯಲ್ಲಿ ಕಣ್ಣು ಮಂಜಾಗಿ ಎರಡು ಕಡೆ ನಿಂತು ಒರೆಸಿಕೊಂಡೆ. ಬಾಗಿಲು ತೆರೆದ ಹೆಂಡತಿ ನನ್ನ ಮುಖ ನೋಡಿ, "ಏನಂದ್ರು ಡೇವಿಡಪ್ಪ?" ಎಂದಳು. ಇಷ್ಟು ದೂರ ನನ್ನ ಜೊತೆ ಬಂದ ನೀವೂ ಈಗ ಅದನ್ನೇ ಕೇಳುತ್ತಿದ್ದೀರಿ, ನನಗೆ ಗೊತ್ತು.

"ಏನಿಲ್ಲ, ಆಲೆಮರ ಈಗ ಸಿಗೋದೇ ಕಷ್ಟ ಅಂತೆ" ಎಂದು ಕೈಕಾಲು ತೊಳೆಯಲು ಹೋದೆ.